ಗಣಕಯಂತ್ರದ ಮರಣೋತ್ತರ ಪರೀಕ್ಷೆ

ಬಾನುಲಿಯಲ್ಲಿ ಗಮಕ ವಾಚನವನ್ನು ಕೇಳುವ ಅಭ್ಯಾಸವುಳ್ಳವರಿಗೆ ಅದರ ಕ್ರಮ ಚೆನ್ನಾಗಿ ಗೊತ್ತಿದೆ. ವಾಚನಕಾರರು ಒಂದು ಪದ್ಯವನ್ನು ಹಾಡಿ ನಿಲ್ಲಿಸುತ್ತಾರೆ; ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸಿ ಹೇಳಿ ತಾವೂ ನಿಲ್ಲಿಸುತ್ತಾರೆ; ಮತ್ತೆ ವಾಚನಕಾರರು ಮುಂದಿನ ಪದ್ಯಕ್ಕೆ ಬರುತ್ತಾರೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ತಮ್ಮ ಸರದಿ ಬಂದಾಗ ಇಬ್ಬರಲ್ಲಿ ಯಾರೂ ಗ್ರಂಥದ ಮೊದಲಿನಿಂದ ಆರಂಭಿಸುವುದಿಲ್ಲ. ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮುಂದುವರಿಸುತ್ತಾರೆ. ಒಬ್ಬರು ಯಜಮಾನ, ಇನ್ನೊಬ್ಬರು ಆಳು ಎಂಬ ಭೇದವೂ ಅವರಲ್ಲಿಲ್ಲ. ಈಗ ವ್ಯಾಖ್ಯಾನದ ನಡುವೆ ನಿಲಯದಲ್ಲಿ ವಿದ್ಯುತ್ತು ಹೋಗಿ ಪ್ರಸಾರ ಕಡಿಯಿತೆಂದು ಭಾವಿಸೋಣ. ಕೇಳುಗನ ಕಿವಿಗೆ ಕೊನೆಯದಾಗಿ ಬಿದ್ದುದು ವ್ಯಾಖ್ಯಾನಕಾರರ ದನಿ. ಆ ಹೊತ್ತಿನಲ್ಲಿ ವಾಚನಕಾರರು ಯಾವ ಪದ್ಯದ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು? ಕೊನೆಯ ದನಿಯಿಂದ ಅದು ತಿಳಿಯದು. ಅವರು ಸುಮ್ಮನಿದ್ದರು.

ಗಣಕಯಂತ್ರಗಳ ಚರಿತ್ರೆಯಲ್ಲಿ ಇದೇ ಪ್ರಶ್ನೆ ಅರುವತ್ತು ವರ್ಷಗಳಿಗೂ ಮೀರಿ ಪಂಡಿತರನ್ನು ಕಾಡಿದೆ. ಯಂತ್ರದಲ್ಲಿ ನಡೆಯುತ್ತಿದ್ದ ಕೆಲಸ ಇದ್ದಕ್ಕಿದ್ದಂತೆ ನಿಂತುಹೋದರೆ, ಆ ಕ್ಷಣದಲ್ಲಿ ಮಾತನಾಡುತ್ತಿದ್ದವನು ಯಾರೆಂಬುದು ಬೇಗ ಗೊತ್ತಾಗುತ್ತದೆ. ಸರದಿಗಾಗಿ ಸುಮ್ಮನೆ ಕಾಯುತ್ತಿದ್ದವರು ಯಾರು ಯಾರು, ಅವರು ಎಲ್ಲೆಲ್ಲಿ ನಿಂತಿದ್ದರು ಎಂಬುದು ಹಾಗೆ ಗೊತ್ತಾಗುವುದಿಲ್ಲ. ತಪ್ಪು ಅನೇಕ ವೇಳೆ ಈ ಸುಮ್ಮನಿದ್ದವರದೇ ಆಗಿರುತ್ತದೆ.

ಪ್ರೋಗ್ರಾಮು ಎಂದೊಡನೆ ಈ ಪತ್ರಿಕೆಯ ಓದುಗರಿಗೆ ಬೆಳಗಿನ ಭಕ್ತಿಗೀತೆಯೋ ಪ್ರದೇಶ ಸಮಾಚಾರವೋ ನೆನಪಾಗುವುದು ಸಹಜ. ಗಣಕಯಂತ್ರದ ಪ್ರೋಗ್ರಾಮೂ ಅದರಿಂದ ಬಹಳ ದೂರದ್ದಲ್ಲ. ಒಂದಾದ ಮೇಲೊಂದು ಏನು ನಡೆಯಬೇಕೆಂಬ ಪಟ್ಟಿಯೇ ಅದು. ನಾನು ಇಲ್ಲಿ ಅದನ್ನು ಕ್ರಮವಿಧಿ ಎಂದು ಕರೆಯುತ್ತೇನೆ. ಪಟ್ಟಿ ತಪ್ಪಾಗಿದ್ದರೆ ಯಂತ್ರವೂ ತಪ್ಪುತ್ತದೆ. ಈ ಸಂಗತಿ ಮೊದಲು ಮನದಟ್ಟಾದುದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರಿಗೆ. ಅಲ್ಲಿ ಮಾರಿಸ್ ವಿಲ್ಕ್ಸ್ ಎಂಬವರ ಮುಂದಾಳುತನದಲ್ಲಿ ಕಟ್ಟಿದ ಎಡ್‌ಸಾಕ್ ಎಂಬ ಯಂತ್ರ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಆ ಬೇಸಿಗೆಯಲ್ಲಿ ವಿಲ್ಕ್ಸ್ ಒಂದು ಗಣಿತ ಸಮೀಕರಣವನ್ನು ಬಿಡಿಸಲು 126 ಸಾಲುಗಳ ಕ್ರಮವಿಧಿಯೊಂದನ್ನು ಬರೆದರು. ಅದರ ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಮುಂದೆ ವಿದ್ವಾಂಸರು ಪರಿಶೀಲಿಸಿದಾಗ ಅದರಲ್ಲಿ ಸುಮಾರು ಇಪ್ಪತ್ತು ತಪ್ಪುಗಳು ಕಂಡವು. ಇನ್ನುಳಿದ ತನ್ನ ಆಯುಷ್ಯದ ದೊಡ್ಡ ಭಾಗ ಸ್ವಂತ ತಪ್ಪುಗಳನ್ನು ಹುಡುಕುವುದರಲ್ಲೇ ಕಳೆಯಬೇಕಾದೀತು ಎಂಬ ಅರಿವು ಒಮ್ಮೆ ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ ತಮಗೆ ಬಲವಾಗಿ ಮೂಡಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಪ್ರಬಂಧಗಳನ್ನು ತಿದ್ದುವ ನಮ್ಮ ವೃತ್ತಿಯವರಿಗೆ ಈ ಅರಿವು ಹೊಸದಲ್ಲ. ನಾವು ತಿದ್ದುವುದು ಇತರರ ತಪ್ಪುಗಳನ್ನು, ಅಷ್ಟೇ ವ್ಯತ್ಯಾಸ.

ಎಡ್‌ಸಾಕ್ ಯಂತ್ರದ ವೇಳೆ ಬಹು ಬೆಲೆಯುಳ್ಳದ್ದಾಗಿತ್ತು. ಒಬ್ಬನ ಕ್ರಮವಿಧಿ ಕೆಟ್ಟುನಿಂತರೆ ಅವನು ಯಂತ್ರದ ಮುಂದೆ ಕುಳಿತು ಯೋಚಿಸುವಂತಿರಲಿಲ್ಲ. ಆದುದರಿಂದ ಅಲ್ಲಿನವರು ಒಂದು ಉಪಾಯ ಮಾಡಿದರು. ಕೆಲಸ ನಿಂತ ಕೂಡಲೆ ಇನ್ನೊಂದು ಚಿಕ್ಕ ಕ್ರಮವಿಧಿಯನ್ನು ಯಂತ್ರಕ್ಕೆ ಊಡಿಸುವುದು. ಅದು ಯಂತ್ರದ ನೆನಪಿನಲ್ಲಿ ಉಳಿದಿದ್ದುದನ್ನು ಕಾಗದದ ಮೇಲೆ ಅಚ್ಚು ಮಾಡಿ ಕೊಡುವುದು. ಆ ಕಾಗದವನ್ನು ಮನೆಗೆ ಕೊಂಡೊಯ್ದು ನಿಧಾನವಾಗಿ ನೋಡಬಹುದು. ಇದಕ್ಕೆ ಅವರು ವೈದ್ಯರಿಂದ ಮಾತನ್ನು ಎರವಲು ಪಡೆದು ‘ಪೋಸ್ಟ್‌ಮಾರ್ಟಂ’ ಎಂದೇ ಹೆಸರಿಟ್ಟರು. ಸ್ಟಾನ್ಲಿ ಗಿಲ್ ಎಂಬ ತರುಣ ಗಣಿತಜ್ಞ ಎಡ್‌ಸಾಕಿನಲ್ಲಿ ತಪ್ಪು ಹುಡುಕುವ ಇಂಥ ವಿಧಾನಗಳ ಬಗೆಗೆ 1951ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನವನ್ನೇ ಬರೆದರು.

ಅದೇ ಕೇಂಬ್ರಿಜ್ಜಿನಲ್ಲಿ ಡೇವಿಡ್ ವೀಲರ್ ಎಂಬವರು ಮತ್ತೊಂದು ಜಾಣ್ಮೆಯನ್ನು ಕಂಡುಹಿಡಿದಿದ್ದರು. ವರ್ಗಮೂಲ ತೆಗೆಯುವಂಥ ಪದೇ ಪದೇ ಬೇಕಾಗುವ ಕೆಲಸವನ್ನು ಒಂದೇ ಸಲ ಬರೆದಿಟ್ಟು, ಬೇಕಾದವರೆಲ್ಲ ಅದನ್ನು ಕರೆದುಕೊಳ್ಳುವ ಏರ್ಪಾಡು ಅದು. ಇದೇ ‘ಸಬ್‌ರೂಟೀನ್’, ಉಪವಿಧಿ. ಕರೆದವನು ಕರೆಯುವ ಮೊದಲು ತಾನಿದ್ದ ಸ್ಥಳದ ಗುರುತನ್ನು ಕೊಡುತ್ತಾನೆ. ಉಪವಿಧಿ ತನ್ನ ಕೊನೆಯ ಸಾಲಿನಲ್ಲಿ ‘ಇಲ್ಲಿಗೆ ಹಿಂದಿರುಗು’ ಎಂದು ಆ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ. ಯಾರು ಯಾರನ್ನು ಕರೆದರು ಎಂಬುದಕ್ಕೆ ನೆನಪಿನಲ್ಲಿಯೇ ದಾಖಲೆ ದೊರೆಯಲು ಇಲ್ಲಿಂದ ಮೊದಲಾಯಿತು.

ಎಡ್‌ಸಾಕಿನ ನೆನಪು ಪಾದರಸದ ಕೊಳವೆಗಳಲ್ಲಿ ಓಡುವ ಅಲೆಗಳಾಗಿತ್ತು. ವಿದ್ಯುತ್ತು ಹೋದರೆ ನೆನಪೂ ಹೋಗುತ್ತಿತ್ತು. ಅಮೆರಿಕದ ಎಂ.ಐ.ಟಿ.ಯಲ್ಲಿ ಜೇ ಫಾರೆಸ್ಟರ್ ಮತ್ತು ಅವರ ಸಂಗಡಿಗರು 1953ರಲ್ಲಿ ವರ್ಲ್‌ವಿಂಡ್ ಎಂಬ ಯಂತ್ರಕ್ಕೆ ಬೇರೊಂದು ಬಗೆಯ ನೆನಪನ್ನು ಅಳವಡಿಸಿದರು. ರಾಗಿ ಕಾಳಿಗಿಂತ ತುಸು ದೊಡ್ಡದಾದ ಕಾಂತದ ಉಂಗುರಗಳು. ಅವುಗಳ ನಡುವೆ ನೇಯ್ದ ತಂತಿಗಳು. ಒಂದೊಂದು ಉಂಗುರ ಒಂದೊಂದು ‘ಹೌದು’ ಅಥವಾ ‘ಅಲ್ಲ’ವನ್ನು ಹಿಡಿದಿಡುತ್ತದೆ. ಈ ಉಂಗುರವನ್ನು ಇಂಗ್ಲಿಷಿನಲ್ಲಿ ‘ಕೋರ್’ ಎನ್ನುತ್ತಾರೆ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿ 1960ರಲ್ಲಿ ನಡೆಯಿಸತೊಡಗಿದ ಟಿಫ್ರಾಕ್ ಯಂತ್ರದಲ್ಲಿಯೂ ಇದ್ದುದು ಇಂಥ ಉಂಗುರಗಳೇ. ಈ ಉಂಗುರಗಳ ದೊಡ್ಡ ಗುಣವೆಂದರೆ, ವಿದ್ಯುತ್ತು ನಿಂತರೂ ಬರೆದುದು ಅಳಿಯುವುದಿಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ವ್ಯೋಮನೌಕೆ ಒಡೆದು ಏಳು ಮಂದಿ ಯಾತ್ರಿಗಳು ಮಡಿದರು. ನೌಕೆಯ ಗಣಕಯಂತ್ರಗಳಲ್ಲಿ ಆಗಲೂ ಉಂಗುರದ ನೆನಪೇ ಇತ್ತು. ಒಡೆದು ಸಮುದ್ರಕ್ಕೆ ಬಿದ್ದ ಮೇಲೆಯೂ ಅದರಲ್ಲಿನ ಬರಹ ಉಳಿದಿತ್ತು.

ನೆನಪಿನ ಈ ಬರಹವನ್ನು ಒಟ್ಟಾಗಿ ಹೊರಕ್ಕೆ ಸುರಿದುಕೊಂಡರೆ ಅದೇ ‘ಕೋರ್ ಡಂಪ್’. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ರಚಿಸಿದ ಯೂನಿಕ್ಸ್ ಎಂಬ ವ್ಯವಸ್ಥೆಯ 1971ರ ಕೈಪಿಡಿಯಲ್ಲಿಯೇ ಇದರ ಪ್ರಸ್ತಾಪವಿದೆ. ಕ್ರಮವಿಧಿಯೊಂದು ಕೆಟ್ಟುನಿಂತರೆ ಅದರ ನೆನಪಿನ ಪ್ರತಿಯನ್ನು ‘ಕೋರ್’ ಎಂಬ ಹೆಸರಿನ ಕಡತದಲ್ಲಿ ಯೂನಿಕ್ಸ್ ತಾನೇ ಬರೆದಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಉಂಗುರಗಳು ಹೋಗಿ ಸಿಲಿಕಾನ್ ಚಿಪ್ಪುಗಳು ಬಂದುವು. ಹೆಸರು ಮಾತ್ರ ಹೋಗಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಗರಿಯ ಮೇಲೆ ಕಂಠದಿಂದ ಬರೆಯುವುದು ನಿಂತು ಎಷ್ಟು ಕಾಲವಾಯಿತು! ಆದರೂ ಅಚ್ಚಿನ ಕಾಗದದ ಮದುವೆ ಪತ್ರಿಕೆಯನ್ನು ನಾವು ಈಗಲೂ ‘ಕರೆಯೋಲೆ’ ಎನ್ನುತ್ತೇವಲ್ಲವೆ? ಕೋರ್ ಡಂಪ್ ಎಂಬುದೂ ಅಂಥ ಒಂದು ಓಲೆ.

ಈ ಓಲೆಯನ್ನು ಓದುವ ಬಗೆ ಹೇಗೆ? ಅದರಲ್ಲಿರುವುದು ಲಕ್ಷಾಂತರ, ಇಂದಿನ ದಿನಗಳಲ್ಲಿ ಕೋಟ್ಯಂತರ ಅಂಕಿಗಳು. ದಾರಿ ತೋರುವುದು ‘ಸ್ಟ್ಯಾಕ್’ ಎಂಬ ರಚನೆ. ಹಿಂದಿನ ಅಡಿಗೆಮನೆಗಳ ಮೂಲೆಯಲ್ಲಿ ಒಂದರ ಮೇಲೊಂದು ಮಡಕೆಯಿಟ್ಟ ಅಡಕಲು ಇರುತ್ತಿತ್ತು. ಮೇಲಿನದನ್ನು ತೆಗೆಯದೆ ಕೆಳಗಿನದನ್ನು ಮುಟ್ಟುವಂತಿಲ್ಲ. ಒಂದು ವಿಧಿ ಇನ್ನೊಂದನ್ನು ಕರೆದಾಗ ಅಡಕಲಿನ ಮೇಲೆ ಹೊಸದೊಂದು ಮಡಕೆ ಏರುತ್ತದೆ. ಅದರಲ್ಲಿ ಎಲ್ಲಿಗೆ ಹಿಂದಿರುಗಬೇಕೆಂಬ ಗುರುತು, ಆ ವಿಧಿಯ ಸ್ವಂತ ಲೆಕ್ಕಗಳು ಎಲ್ಲ ಇರುತ್ತವೆ. ಕೆಲಸ ಮುಗಿದೊಡನೆ ಮಡಕೆ ಇಳಿಯುತ್ತದೆ. ಪಂಚತಂತ್ರದ ಕಥೆಗಳನ್ನು ಓದಿದವರಿಗೆ ಇದು ಹೊಸದಲ್ಲ. ಕಥೆಯೊಳಗೊಂದು ಉಪಕಥೆ, ಅದರೊಳಗೆ ಇನ್ನೊಂದು. ಒಳಗಿನದು ಮುಗಿಯದೆ ಹೊರಗಿನದು ಮುಂದುವರಿಯದು. ನಡುವೆ ಪುಸ್ತಕ ಮುಚ್ಚಿದರೂ, ‘ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದರು?’ ಎಂದು ಹಿಮ್ಮುಖವಾಗಿ ಕೇಳುತ್ತ ಹೋದರೆ ಮೊದಲ ಕಥೆಯನ್ನು ತಲಪಬಹುದು.

ಕೋರ್ ಡಂಪಿನಲ್ಲಿ ಹೀಗೆ ಮೇಲಿನ ಮಡಕೆಯಿಂದ ಕೆಳಗಿನದಕ್ಕೆ ಇಳಿಯುತ್ತ ಬಂದ ದಾರಿಯನ್ನು ಗುರುತಿಸುವುದಕ್ಕೆ ‘ಬ್ಯಾಕ್‌ಟ್ರೇಸ್’ ಎಂದು ಹೆಸರು. ಈ ಕೆಲಸಕ್ಕಾಗಿಯೇ ಡೀಬಗರ್ ಎಂಬ ಉಪಕರಣಗಳು ಹುಟ್ಟಿದುವು. ರಿಚರ್ಡ್ ಸ್ಟಾಲ್ಮನ್ ಎಂಬವರು 1986ರಲ್ಲಿ ಬರೆದ ಜಿ.ಡಿ.ಬಿ. ಎಂಬುದು ಈಗಲೂ ಬಳಕೆಯಲ್ಲಿದೆ. ಕೋರ್ ಕಡತವನ್ನು ಅದಕ್ಕೆ ಕೊಟ್ಟು ‘ಬಿ ಟಿ’ ಎಂಬ ಎರಡಕ್ಷರ ಒತ್ತಿದರೆ ಸಾಕು. ಸತ್ತ ಕ್ರಮವಿಧಿ ಎಲ್ಲಿ ಬಿದ್ದಿತು, ಅಲ್ಲಿಗೆ ಅದನ್ನು ಯಾರು ಕಳಿಸಿದರು, ಅವರನ್ನು ಯಾರು ಕಳಿಸಿದರು ಎಂಬ ವಂಶಾವಳಿ ಕಣ್ಣೆದುರಿಗೆ ಬರುತ್ತದೆ.

ಈ ಏರ್ಪಾಡಿನ ತಳಹದಿಯಲ್ಲಿ ಒಂದು ನಂಬಿಕೆಯಿದೆ. ಕೆಲಸದಲ್ಲಿ ತೊಡಗಿರುವವರೆಲ್ಲ ಒಂದೇ ಅಡಕಲಿನಲ್ಲಿ ಇದ್ದಾರೆ ಎಂಬುದೇ ಆ ನಂಬಿಕೆ. ಆದರೆ ಅದು ನೆಲೆಗೊಳ್ಳುವ ಹೊತ್ತಿಗಾಗಲೇ ಅದಕ್ಕೆ ಒಪ್ಪದ ವಸ್ತುವೊಂದು ಹುಟ್ಟಿಯಾಗಿತ್ತು.

ಅಮೆರಿಕದ ಮೆಲ್ವಿನ್ ಕಾನ್‌ವೇ ಎಂಬವರು 1958ರಲ್ಲಿ ‘ಕೊರೂಟೀನ್’ ಎಂಬ ಮಾತನ್ನು ಟಂಕಿಸಿದರು. ‘ಸಬ್’ ಎಂಬಲ್ಲಿ ‘ಕೋ’ ಬಂದಿದೆ. ಉಪ ಹೋಗಿ ಸಹ ಬಂತು ಎನ್ನೋಣ. ನಾವು ಅದನ್ನು ಸಹವಿಧಿ ಎಂದರೆ ಅರ್ಥಕ್ಕೆ ಕೊರತೆಯಾಗದು. ಉಪಾಧ್ಯಾಯ, ಸಹಾಧ್ಯಾಯಿ ಎಂಬ ಎರಡು ಮಾತುಗಳಲ್ಲಿ ಒಂದು ಉಪಸರ್ಗ ಎಷ್ಟು ದೊಡ್ಡ ಅಂತರವನ್ನು ಉಂಟುಮಾಡಿದೆ ಎಂಬುದು ಓದುಗರಿಗೆ ತಿಳಿದೇ ಇದೆ. ಮುಂದೆ ಕಾನ್‌ವೇ ತೊಡಗಿದುದು ಬರೋಸ್ 220 ಎಂಬ ಯಂತ್ರಕ್ಕಾಗಿ ಕೊಬಾಲ್ ಭಾಷೆಯ ಅನುವಾದಕವನ್ನು ರಚಿಸುವ ಕೆಲಸದಲ್ಲಿ. ಅನುವಾದಕದ ಒಂದು ಭಾಗ ಅಕ್ಷರಗಳನ್ನು ಓದಿ ಪದಗಳಾಗಿ ಕೂಡಿಸುತ್ತದೆ. ಇನ್ನೊಂದು ಭಾಗ ಪದಗಳನ್ನು ತೆಗೆದುಕೊಂಡು ವಾಕ್ಯದ ಅನ್ವಯವನ್ನು ಹಿಡಿಯುತ್ತದೆ. ಎರಡರಲ್ಲಿ ಯಾವುದು ಯಾವುದನ್ನು ಕರೆಯಬೇಕು? ಪದ ಕೂಡಿಸುವವನನ್ನು ಆಳಾಗಿ ಮಾಡಿದರೆ, ಕರೆದಾಗಲೆಲ್ಲ ಅವನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಎಲ್ಲಿ ಬಿಟ್ಟಿದ್ದೆನೆಂಬುದನ್ನು ಪ್ರತಿ ಸಲವೂ ಬೇರೆ ಕಡೆ ಬರೆದಿಟ್ಟು ನೆನಪು ಮಾಡಿಕೊಳ್ಳಬೇಕಾಗುತ್ತದೆ. ಅನ್ವಯ ಹಿಡಿಯುವವನನ್ನು ಆಳಾಗಿ ಮಾಡಿದರೆ ಅವನಿಗೂ ಅದೇ ಪಾಡು. ಕಾನ್‌ವೇ ಇಬ್ಬರನ್ನೂ ಯಜಮಾನರನ್ನಾಗಿ ಮಾಡಿದರು. ಒಬ್ಬನು ಒಂದು ಪದವನ್ನು ಒಪ್ಪಿಸಿ ಅಲ್ಲಿಯೇ ನಿಲ್ಲುತ್ತಾನೆ. ಇನ್ನೊಬ್ಬನು ತಾನು ನಿಂತಿದ್ದಲ್ಲಿಂದ ಎದ್ದು ಅದನ್ನು ಪಡೆಯುತ್ತಾನೆ. ನಮ್ಮ ವಾಚನಕಾರ, ವ್ಯಾಖ್ಯಾನಕಾರರ ಕ್ರಮವೇ ಇದು. 1963ರಲ್ಲಿ ಈ ಲೇಖನ ಅಚ್ಚಾಯಿತು. 1968ರಲ್ಲಿ ಡೊನಾಲ್ಡ್ ಕ್ನೂತ್ ತಮ್ಮ ಪ್ರಸಿದ್ಧ ಗ್ರಂಥದ ಮೊದಲ ಸಂಪುಟದಲ್ಲಿ ಸಹವಿಧಿಗಳಿಗೆ ಗೌರವದ ಸ್ಥಾನ ಕೊಟ್ಟರು. ಅದಕ್ಕೂ ಮೊದಲೇ ನಾರ್ವೆಯ ಓಸ್ಲೋ ನಗರದಲ್ಲಿ ಡಾಲ್ ಮತ್ತು ನ್ಯೂಗೋರ್ ಎಂಬವರು ತಮ್ಮ ಸಿಮ್ಯುಲಾ 67 ಎಂಬ ಭಾಷೆಯಲ್ಲಿ ಇದನ್ನು ಸೇರಿಸಿದ್ದರು.

ಇಷ್ಟಾದರೂ ಸಹವಿಧಿ ಬಹುಕಾಲ ಮೂಲೆಗೆ ಬಿದ್ದಿತ್ತು. ಕಾರಣ ಅಡಕಲೇ. ಎಡ್ಸ್‌ಗರ್ ಡೈಕ್‌ಸ್ಟ್ರಾ ಮೊದಲಾದವರು 1960ರ ಸುಮಾರಿಗೆ ಅಡಕಲಿನ ಪದ್ಧತಿಯನ್ನು ಬಹಳ ಅಚ್ಚುಕಟ್ಟಾಗಿ ವಿವರಿಸಿದರು. ಯಂತ್ರ ಕಟ್ಟುವವರೂ ಅದಕ್ಕೆ ಒಲಿದರು. ವಿನೋದವೇನೆಂದರೆ, ಅಡಕಲನ್ನೇ ಆಧಾರವಾಗಿಟ್ಟುಕೊಂಡು 1961ರಲ್ಲಿ ಹೊರಬಂದ ಬಿ 5000 ಯಂತ್ರವೂ ಅದೇ ಬರೋಸ್ ಕಂಪೆನಿಯದು. ಅಡಕಲಿನಲ್ಲಿ ಮೇಲಿನ ಮಡಕೆಯನ್ನು ಇಳಿಸದೆ ಕೆಳಗಿನದಕ್ಕೆ ಕೈ ಹಾಕುವಂತಿಲ್ಲ. ಅರ್ಧ ಕೆಲಸ ಮಾಡಿ ನಿಂತ ಸಹವಿಧಿಯ ಮಡಕೆಯನ್ನು ಇಳಿಸುವಂತಿಲ್ಲ. ಇಳಿಸದೆ ಇಡುವುದಕ್ಕೆ ಅಲ್ಲಿ ಜಾಗವೂ ಇಲ್ಲ. ಅದಕ್ಕೆ ತನ್ನದೇ ಬೇರೊಂದು ಅಡಕಲು ಬೇಕು. ಅಷ್ಟು ಧಾರಾಳ ಆಗಿನ ಯಂತ್ರಗಳಲ್ಲಿ ಸುಲಭವಿರಲಿಲ್ಲ.

ಸಹವಿಧಿಯನ್ನು ಮತ್ತೆ ಮುಂದಕ್ಕೆ ತಂದುದು ಕಾಯುವಿಕೆ. ಒಬ್ಬರು ಕೈಫೋನಿನಲ್ಲಿ ರೈಲಿನ ಟಿಕೆಟ್ಟು ಕೇಳುತ್ತಾರೆ, ಇನ್ನೊಬ್ಬರು ಹಣ ಕಳಿಸುತ್ತಾರೆ. ಎದುರಿನ ಯಂತ್ರ ಒಂದೊಂದು ಕೋರಿಕೆಗೂ ಎಲ್ಲಿಂದಲೋ ಉತ್ತರ ಬರಲೆಂದು ಕಾಯಬೇಕು. ಕಾಯುವ ಹೊತ್ತಿನ ಮುಂದೆ ಕೆಲಸದ ಹೊತ್ತು ಏನೂ ಅಲ್ಲ. ಇಂಥ ಸಾವಿರಾರು ಕೋರಿಕೆಗಳನ್ನು ಒಂದೇ ಯಂತ್ರ ಹೊರಬೇಕಾದರೆ, ಕಾಯುವವರನ್ನು ಕಡಮೆ ಖರ್ಚಿನಲ್ಲಿ ಮಲಗಿಸಿ ಉತ್ತರ ಬಂದಾಗ ಎಬ್ಬಿಸುವ ಉಪಾಯ ಬೇಕು. ಅದು ಸಹವಿಧಿಯೇ. ಸಿ ಶಾರ್ಪ್ ಭಾಷೆಗೆ 2012ರಲ್ಲಿ, ಪೈಥಾನಿಗೆ 2015ರಲ್ಲಿ, ಜಾವಾಸ್ಕ್ರಿಪ್ಟಿಗೆ 2017ರಲ್ಲಿ, ರಸ್ಟ್ ಭಾಷೆಗೆ 2019ರಲ್ಲಿ, ಸಿ ಪ್ಲಸ್ ಪ್ಲಸ್ ಭಾಷೆಗೆ 2020ರಲ್ಲಿ ಅದು ಒಂದಲ್ಲ ಒಂದು ವೇಷದಲ್ಲಿ ಬಂದಿತು.

ಬಂದಿತು ಸರಿ, ಶವಪರೀಕ್ಷೆಯ ಹಳೆಯ ಉಪಕರಣಗಳು ಇದ್ದಂತೆಯೇ ಇದ್ದುವು. ತೊಡಕು ಹುಟ್ಟಿದುದು ಇಲ್ಲಿ. ಸಹವಿಧಿಯೊಂದು ಬಿದ್ದಾಗ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಸಿಕ್ಕುವವನು ಸರದಿಯಂತೆ ಎಬ್ಬಿಸುವ ಮೇಸ್ತ್ರಿ. ಅವನು ಎಲ್ಲರನ್ನೂ ಎಬ್ಬಿಸುತ್ತಾನೆ. ಯಾರಿಗಾಗಿ ಈ ಕೆಲಸ ನಡೆಯುತ್ತಿತ್ತೆಂಬುದು ಅವನಿಗೆ ತಿಳಿಯದು. ಶಾಲೆಯ ಹುಡುಗನನ್ನು ‘ಈ ತರಗತಿಗೆ ನಿನ್ನನ್ನು ಕಳಿಸಿದವರಾರು?’ ಎಂದು ಕೇಳಿದರೆ ‘ಗಂಟೆ’ ಎಂದು ಉತ್ತರ ಕೊಟ್ಟ ಹಾಗೆ. ಉತ್ತರ ಸುಳ್ಳಲ್ಲ, ಪ್ರಯೋಜನವೂ ಇಲ್ಲ. ಇದಕ್ಕಿಂತ ಹೆಚ್ಚಿನ ತೊಡಕು ಮಲಗಿದ್ದವರದು. ಅವರ ಹೆಸರು ಜಾಡಿನಲ್ಲಿ ಬರುವುದೇ ಇಲ್ಲ. ಒಬ್ಬನು ಹಂಚಿಕೊಂಡಿದ್ದ ಪಟ್ಟಿಯೊಂದನ್ನು ಕೆಡಿಸಿ ಮಲಗಿರುತ್ತಾನೆ. ತರುವಾಯ ಎದ್ದವನು ಅದನ್ನು ನಂಬಿ ಮುಗ್ಗರಿಸುತ್ತಾನೆ. ಬಿದ್ದವನೊಬ್ಬ, ಕಾಲು ಅಡ್ಡಕೊಟ್ಟವನೊಬ್ಬ. ಜಿ.ಡಿ.ಬಿ. ತೋರಿಸುವುದು ಬಿದ್ದವನನ್ನು.

ಹಾಗೆಂದು ಮಲಗಿದ್ದವನ ಗುರುತು ಅಳಿದುಹೋಗಿದೆಯೆ? ಇಲ್ಲ. ಕೋರ್ ಡಂಪನ್ನು ತುಂಡರಿಸದೆ ಪೂರ್ತಿ ಬರೆಸಿಟ್ಟಿದ್ದರೆ ಎಲ್ಲವೂ ಅದರಲ್ಲಿದೆ. ಓಲೆಗರಿಯ ಕಟ್ಟೊಂದು ಸಮಗ್ರವಾಗಿ ಕೈಗೆ ಬಂದಿದೆ, ಆದರೆ ದಾರದಲ್ಲಿ ಪೋಣಿಸಿರುವುದು ಕೆಲವು ಗರಿಗಳನ್ನು ಮಾತ್ರ, ಉಳಿದುವು ಬಿಡಿಗರಿಗಳು. ಓದುವವನು ದಾರವನ್ನಷ್ಟೇ ಹಿಡಿದು ಹೋದರೆ ಅವು ಅವನ ಪಾಲಿಗೆ ಇಲ್ಲ.

ಇದನ್ನು ಒಂದು ನಿಜವಾದ ಉದಾಹರಣೆಯಿಂದ ನೋಡುವುದು ಮೇಲು. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಎಂಬವರು 2003ರಲ್ಲಿ ಹೊರತಂದ ಕ್ಯೂಎಮು ಎಂಬ ಕ್ರಮವಿಧಿಯಿದೆ. ಒಂದು ಗಣಕಯಂತ್ರದೊಳಗೆ ಇನ್ನೊಂದು ಗಣಕಯಂತ್ರ ಇದೆಯೆಂಬಂತೆ ನಟಿಸುವುದು ಇದರ ಕೆಲಸ. ದೊಡ್ಡ ಕಂಪೆನಿಗಳು ಬಾಡಿಗೆಗೆ ಕೊಡುವ ಯಂತ್ರಗಳಲ್ಲಿ ಅನೇಕವು ಹೀಗೆ ನಟಿಸಿದವೇ. ಕ್ಯೂಎಮು ಬಿದ್ದರೆ ಅದರೊಳಗಿನ ಇಡೀ ಯಂತ್ರ, ಅದನ್ನು ನೆಚ್ಚಿಕೊಂಡಿದ್ದ ಅಂಗಡಿಯ ಲೆಕ್ಕವೋ ಆಸ್ಪತ್ರೆಯ ದಾಖಲೆಯೋ ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಆದುದರಿಂದ ಅದು ಏತಕ್ಕೆ ಬಿದ್ದಿತೆಂದು ತಿಳಿಯುವುದು ಪಾಂಡಿತ್ಯದ ಕುತೂಹಲ ಮಾತ್ರವಲ್ಲ. ಒಳಗಿನ ಯಂತ್ರ ತಟ್ಟೆಯಿಂದ, ಎಂದರೆ ಡಿಸ್ಕಿನಿಂದ, ಏನನ್ನಾದರೂ ಓದಬೇಕೆಂದರೆ ಕ್ಯೂಎಮು ಆ ಕೆಲಸಕ್ಕೆ ಒಂದು ಸಹವಿಧಿಯನ್ನು ನೇಮಿಸುತ್ತದೆ. 2011ರಿಂದ ನಡೆದುಬಂದ ಪದ್ಧತಿ ಇದು. ಇಲ್ಲಿ ಒಂದೊಂದು ಸಹವಿಧಿಗೂ ಸ್ವಂತ ಅಡಕಲಿದೆ. ತಟ್ಟೆ ಉತ್ತರ ಕೊಡುವ ತನಕ ಅದು ಮಲಗಿರುತ್ತದೆ.

ಮಲಗುವ ಮುನ್ನ ಅದು ಮಾಡುವ ಕೆಲಸ ನೋಡತಕ್ಕದ್ದು. ಯಂತ್ರದ ಮಿದುಳಿನಲ್ಲಿ ರಿಜಿಸ್ಟರ್ ಎಂಬ ಕೆಲವು ಮನೆಗಳಿವೆ. ಈಗ ಯಾವ ಆಜ್ಞೆ ನಡೆಯುತ್ತಿದೆ, ಅಡಕಲಿನ ತುದಿ ಎಲ್ಲಿದೆ ಎಂಬಂಥ ಗುರುತುಗಳು ಅವುಗಳಲ್ಲಿ ಇರುತ್ತವೆ. ಸಾಮಾನ್ಯವಾಗಿ ಬಳಸುವ 64 ಬಿಟ್ಟಿನ ಇಂಟೆಲ್ ಬಗೆಯ ಯಂತ್ರಗಳಲ್ಲಿ ಇಂಥ ಎಂಟು ಮನೆಗಳ ಬರಹವನ್ನು ಸಹವಿಧಿ ಒಂದೆಡೆ ನಕಲು ಮಾಡಿಟ್ಟು ಮಲಗುತ್ತದೆ. ವಾಚನಕಾರರು ಪುಟದ ಮೇಲಿಟ್ಟ ಬೆರಳು ಇದೇ. ಈ ಎಂಟನ್ನು ಕೈವಶ ಮಾಡಿಕೊಂಡರೆ ಮಲಗಿದ್ದವನ ಅಡಕಲನ್ನು ಇಳಿಯಬಹುದು.

ಆದರೆ ಕಳ್ಳರ ಭಯವೊಂದಿದೆ. ಈ ನಕಲನ್ನು ಯಾರಾದರೂ ತಿದ್ದಿದರೆ, ಎದ್ದ ಸಹವಿಧಿ ಕಳ್ಳನು ಹೇಳಿದ ಕಡೆಗೆ ಹೋಗಿಬಿಡುತ್ತದೆ. ಅದಕ್ಕಾಗಿ ಲಿನಕ್ಸ್ ವ್ಯವಸ್ಥೆಯ ಗ್ರಂಥಾಲಯ ಎಂಟರಲ್ಲಿ ಮುಖ್ಯವಾದ ಮೂರು ಗುರುತುಗಳನ್ನು ಮರೆಮಾಚಿ ಬರೆಯುತ್ತದೆ. ಒಂದು ಗುಟ್ಟಿನ ಸಂಖ್ಯೆಯೊಡನೆ ಅವನ್ನು ಬೆರಸಿ, ಬಂದ ಅಂಕಿಗಳನ್ನು ಹದಿನೇಳು ಸ್ಥಾನ ಸುತ್ತಿಸಿ ಇಡುವುದು ಕ್ರಮ. ಬೆಡಗಿನ ವಚನಗಳನ್ನು ಪಾಠ ಮಾಡಿದವರಿಗೆ ಇದರ ರುಚಿ ಗೊತ್ತು. ಮಾತು ಕಣ್ಣೆದುರಿಗಿದೆ, ಕೀಲಿಕೈ ಬೇರೆಡೆಯಿದೆ. ಇಲ್ಲಿ ಕೀಲಿಕೈ ಇರುವುದು ಆ ಕ್ರಮವಿಧಿಯ ಸ್ವಂತ ನೆನಪಿನಲ್ಲಿಯೇ. ಆದುದರಿಂದ ಅದೂ ಕೋರ್ ಡಂಪಿನೊಳಗೆ ಬಂದಿರುತ್ತದೆ. ಅದನ್ನು ಹುಡುಕಿ, ಸುತ್ತಿದ ಹದಿನೇಳು ಸ್ಥಾನಗಳನ್ನು ಹಿಂದಕ್ಕೆ ತಿರುಗಿಸಿ, ಬೆರಸಿದುದನ್ನು ಬಿಡಿಸಿದರೆ ನಿಜವಾದ ವಿಳಾಸ ಸಿಕ್ಕುತ್ತದೆ.

ಕ್ರಮವಿಧಿ ಜೀವಂತವಾಗಿದ್ದರೆ ಮುಂದಿನ ಕೆಲಸ ಸುಲಭ. ಡೀಬಗರ್ ಅದನ್ನು ಒಂದು ಕ್ಷಣ ತಡೆದು, ರಿಜಿಸ್ಟರುಗಳಲ್ಲಿ ಮಲಗಿದ್ದವನ ಗುರುತುಗಳನ್ನು ಇರಿಸಿ, ಜಾಡನ್ನು ಓದಿ, ಹಳೆಯ ಗುರುತುಗಳನ್ನು ಮರಳಿ ಇಡುತ್ತದೆ. ಕ್ಯೂಎಮುವಿನವರು ಇದಕ್ಕಾಗಿ ಜಿ.ಡಿ.ಬಿ.ಗೆ ಸೇರುವ ಒಂದು ಚಿಕ್ಕ ಸಾಧನವನ್ನೂ ಬರೆದಿದ್ದಾರೆ. ಸತ್ತ ಮೇಲೆ ಇದು ನಡೆಯದು. ಕೋರ್ ಡಂಪಿನಲ್ಲಿ ಓಡುವ ಮಿದುಳೇ ಇಲ್ಲ. ರಿಜಿಸ್ಟರುಗಳ ಕೊನೆಯ ಬರಹವಷ್ಟೇ ಇದೆ. ಅದನ್ನು ಬದಲಿಸಲು ಹೋದರೆ ಜಿ.ಡಿ.ಬಿ. ಒಪ್ಪುವುದಿಲ್ಲ. ‘ನಿನ್ನ ಗುಟ್ಟಿನ ಸಂಖ್ಯೆ ಎಲ್ಲಿದೆ?’ ಎಂದು ಬದುಕಿರುವ ಕ್ರಮವಿಧಿಯಿಂದಲೇ ಲೆಕ್ಕ ಹಾಕಿಸಿ ಪಡೆಯಬಹುದು. ಸತ್ತುದರಿಂದ ಏನನ್ನೂ ಮಾಡಿಸುವಂತಿಲ್ಲ, ಓದಬಹುದು ಅಷ್ಟೆ. ಗಿರಾಕಿಯ ಮನೆಯಲ್ಲಿ ಬಿದ್ದ ಯಂತ್ರದಿಂದ ತಪ್ಪು ಹುಡುಕುವವನ ಕೈಗೆ ಬರುವುದಂತೂ ಸಾಮಾನ್ಯವಾಗಿ ಕೋರ್ ಡಂಪ್ ಮಾತ್ರ. ಬದುಕಿದ್ದಾಗ ಪ್ರಯೋಜನಕ್ಕೆ ಬಂದ ಸಾಧನ, ನಿಜವಾಗಿ ಬೇಕಾದ ಹೊತ್ತಿನಲ್ಲಿ ಕೈಕೊಟ್ಟಿತು.

ಇದಕ್ಕೆ ಈಚೆಗೆ ಹೂಡಿದ ಉಪಾಯ ನನಗೆ ಬಹಳ ಹಿಡಿಸಿತು. ಮೂಲ ಕೋರ್ ಕಡತವನ್ನು ಮುಟ್ಟುವುದಿಲ್ಲ. ಅದರದೊಂದು ಪ್ರತಿಯನ್ನು ಮಾಡಿಕೊಂಡು, ಆ ಪ್ರತಿಯಲ್ಲಿ ರಿಜಿಸ್ಟರುಗಳ ಬರಹವಿರುವ ಸ್ಥಳದಲ್ಲಿ ಮಲಗಿದ್ದವನ ಗುರುತುಗಳನ್ನು ಬರೆದು, ಆ ಪ್ರತಿಯನ್ನು ಹೊಸದಾಗಿ ಜಿ.ಡಿ.ಬಿ.ಯಲ್ಲಿ ತೆರೆಯುವುದು. ಸತ್ತ ಕ್ಷಣದಲ್ಲಿ ಕೆಲಸ ಮಾಡುತ್ತಿದ್ದವನು ಇವನೇ ಎಂದು ಜಿ.ಡಿ.ಬಿ. ನಂಬಿಬಿಡುತ್ತದೆ, ಅವನ ಜಾಡನ್ನು ಪೂರ್ತಿ ಬಿಡಿಸಿ ತೋರುತ್ತದೆ. ಇನ್ನೊಬ್ಬನದು ಬೇಕಾದರೆ ಇನ್ನೊಂದು ಸಲ. ಗ್ರಂಥಸಂಪಾದನೆಯಲ್ಲಿ ನಮ್ಮ ಹಿರಿಯರು ಹಾಕಿಕೊಟ್ಟ ನಿಯಮವೂ ಇದೇ ತಾನೆ? ಮೂಲದ ಗರಿಯ ಮೇಲೆ ಯಾವ ಗುರುತನ್ನೂ ಮಾಡಕೂಡದು. ಊಹೆಗಳೇನಿದ್ದರೂ ಪ್ರತಿಯ ಮೇಲೆ.

ಗೋ ಎಂಬ ಭಾಷೆಯವರು ಈ ತೊಂದರೆಯನ್ನು ಮೊದಲೇ ಊಹಿಸಿದ್ದರೆಂದು ತೋರುತ್ತದೆ. 2009ರಲ್ಲಿ ಪ್ರಕಟವಾದ ಈ ಭಾಷೆಯ ಮೂವರು ಕರ್ತೃಗಳಲ್ಲಿ ಯೂನಿಕ್ಸಿನ ಕೆನ್ ಥಾಂಪ್ಸನ್ ಒಬ್ಬರು. ಉಳಿದಿಬ್ಬರು ರಾಬ್ ಪೈಕ್ ಮತ್ತು ರಾಬರ್ಟ್ ಗ್ರೀಸ್‌ಮರ್. ಅದರ ‘ಗೊರೂಟೀನ್’ ಶುದ್ಧ ಸಹವಿಧಿಯಲ್ಲ, ಆದರೆ ದಾಯಾದಿ. ಗೋ ತನ್ನ ಗೊರೂಟೀನುಗಳಿಗೆಲ್ಲ ಒಂದು ಹಾಜರಿ ಪುಸ್ತಕವನ್ನು ನೆನಪಿನಲ್ಲಿಯೇ ಇಟ್ಟಿರುತ್ತದೆ. ಎದ್ದವರು, ಮಲಗಿದವರು ಎಲ್ಲರ ಹೆಸರೂ ಅದರಲ್ಲಿದೆ. ಡೆಲ್ವ್ ಎಂಬ ಡೀಬಗರಿಗೆ ಕೋರ್ ಡಂಪನ್ನು ಕೊಟ್ಟರೆ ಅದು ಆ ಪುಸ್ತಕವನ್ನು ತೆರೆದು ಒಬ್ಬೊಬ್ಬರನ್ನಾಗಿ ಕರೆಯುತ್ತದೆ. ಪೈಥಾನಿನವರು 2025ರ 3.14ನೆಯ ಆವೃತ್ತಿಯಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆಂಬ ವಂಶವೃಕ್ಷವನ್ನು ತೋರಿಸುವ ಏರ್ಪಾಡು ಮಾಡಿದ್ದಾರೆ. ಅದು ನಡೆಯುತ್ತಿರುವ ಕ್ರಮವಿಧಿಗೆ ಮಾತ್ರ.

ಎಲ್ಲಕ್ಕಿಂತ ಕಠಿನವಾದುದು ಸಿ ಪ್ಲಸ್ ಪ್ಲಸ್ ಮತ್ತು ರಸ್ಟ್ ಭಾಷೆಗಳ ಬಗೆ. ಇಲ್ಲಿ ಮಲಗಿದ ಸಹವಿಧಿಗೆ ಸ್ವಂತ ಅಡಕಲೇ ಇಲ್ಲ. ಎದ್ದ ಮೇಲೆ ಅದಕ್ಕೆ ಬೇಕಾಗುವ ಲೆಕ್ಕಗಳನ್ನಷ್ಟೇ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಕಟ್ಟಿ, ಎಲ್ಲಿ ನಿಂತಿತೆಂಬುದಕ್ಕೆ ಒಂದು ಅಂಕಿಯನ್ನು ಹಾಕಿ ನೆನಪಿನ ಯಾವುದೋ ಮೂಲೆಯಲ್ಲಿ ಇಡಲಾಗುತ್ತದೆ. ಖರ್ಚು ಬಹಳ ಕಡಮೆ. ಆದರೆ ಮುಂದೆ ಬೇಡವೆಂದು ಅನುವಾದಕಕ್ಕೆ ತೋರಿದುದನ್ನು ಪೆಟ್ಟಿಗೆಯಲ್ಲಿ ಇಡುವುದೇ ಇಲ್ಲ. ಲೋಪಸಂಧಿಯಲ್ಲಿ ಹೋದ ಸ್ವರವನ್ನು ಪದ ಬಿಡಿಸಿ ಮರಳಿ ಪಡೆಯಬಹುದು; ಇಲ್ಲಿ ಹೋದುದು ಹೋಯಿತು. ಪೆಟ್ಟಿಗೆಗಳ ಹಾಜರಿ ಪುಸ್ತಕವನ್ನೂ ಭಾಷೆ ತಾನಾಗಿ ಇಡುವುದಿಲ್ಲ. ಬೇಕಾದರೆ ಕ್ರಮವಿಧಿ ಬರೆಯುವವನೇ ಇಡಬೇಕು, ಮತ್ತು ಸಾಯುವುದಕ್ಕೆ ಮೊದಲೇ ಇಡಬೇಕು.

ಹಾಗೆ ಇಟ್ಟಿರದ ಪಕ್ಷದಲ್ಲಿ ಉಳಿಯುವುದು ಜಾಲಾಡುವ ಕೆಲಸ. ಸಿ ಪ್ಲಸ್ ಪ್ಲಸ್ ಭಾಷೆಯ ಪ್ರಚಲಿತ ಅನುವಾದಕಗಳಲ್ಲಿ ಪೆಟ್ಟಿಗೆಯ ಮೊದಲ ಎರಡು ಮನೆಗಳು ನಿಯತವಾಗಿವೆ. ಮೊದಲನೆಯದರಲ್ಲಿ ಈ ಸಹವಿಧಿಯನ್ನು ಎಬ್ಬಿಸುವ ವಿಧಿಯ ವಿಳಾಸ. ಎರಡನೆಯದರಲ್ಲಿ ಇದನ್ನು ವಿಸರ್ಜಿಸುವ ವಿಧಿಯ ವಿಳಾಸ. ಈ ಎರಡನೆಯ ವಿಳಾಸವನ್ನು ಗೊತ್ತುಮಾಡಿಕೊಂಡು, ಕೋರ್ ಡಂಪಿನ ರಾಶಿಯಲ್ಲಿ ಅದು ಎಲ್ಲೆಲ್ಲಿ ಬರೆದಿದೆಯೆಂದು ಮೊದಲಿನಿಂದ ಕೊನೆಯವರೆಗೆ ಹುಡುಕಬೇಕು. ಸಿಕ್ಕಿದುದೆಲ್ಲ ನಿಜವಾದ ಪೆಟ್ಟಿಗೆಯಲ್ಲ. ಹಿಂದೆಂದೋ ಬಿಟ್ಟುಹಾಕಿದ, ಅಳಿಸದೆ ಉಳಿದ ಹಳೆಯ ಪೆಟ್ಟಿಗೆಗಳೂ ನಡುವೆ ಬರುತ್ತವೆ. ಅವನ್ನು ಪಾಠಾಂತರಗಳಂತೆ ಒಂದೊಂದಾಗಿ ತೂಗಿ ನೋಡಿ ಬೇರ್ಪಡಿಸಬೇಕು. ಉಳಿದ ಪೆಟ್ಟಿಗೆಗಳಲ್ಲಿ ಮೊದಲ ಮನೆಯನ್ನು ನೋಡಬೇಕು. ಅಲ್ಲಿ ಸೊನ್ನೆಯಿದ್ದರೆ ಆ ಸಹವಿಧಿ ತನ್ನ ಕೆಲಸವನ್ನು ಮುಗಿಸಿ ವಿಸರ್ಜನೆಗಾಗಿ ನಿಂತಿತ್ತು. ವಿಳಾಸವಿದ್ದರೆ, ಯಂತ್ರ ನಿಂತ ಹೊತ್ತಿನಲ್ಲಿ ಅದು ಇನ್ನೂ ಯಾವುದೋ ಉತ್ತರಕ್ಕಾಗಿ ಕಾಯುತ್ತಿತ್ತು.